ಸವಣೂರಿಗೆ ಬಂದವರು

ಹೊಯ್ಸಳ ವೀರಬಲ್ಲಾಳ ದಂಡೆತ್ತಿ ಬಂದು ಹಾನಗಲ್ಲಿಗೆ ಮುತ್ತಿಗೆ ಹಾಕಿದ್ದು 1196ರಲ್ಲಿ. ಶಿಗ್ಗಾವಿಯ ಬಾಡದಲ್ಲಿ ಕನಕದಾಸರು ಹುಟ್ಟಿದರು, ಶಿಶುನಾಳದಲ್ಲಿ ಶರೀಫರು. ಹಿರೇಕೆರೂರಿನ ಸೀಮೆ ಸರ್ವಜ್ಞನನ್ನು ತನ್ನವನೆಂದು ಎದೆಗವಚಿಕೊಂಡಿದೆ. ಸವಣೂರಿನ ಸುತ್ತಲಿನ ಈ ಮಣ್ಣಲ್ಲೇ ಹುಟ್ಟಿದವರ ಕಥೆಯನ್ನು ಕನ್ನಡಿಗರು ಮನಸಾರೆ ಹಾಡಿದ್ದಾರೆ. ದೂರದಿಂದ ಬಂದು ಈ ಮಣ್ಣಿನವರೇ ಆದವರ ಕಥೆಗೆ ಮಾತ್ರ ಸವಣೂರಿಗೇ ಹೋಗಬೇಕು.

ಅಲ್ಲಿನ ದೊಡ್ಡಹುಣಸೆ ಕಲ್ಮಠದಲ್ಲಿ ಆ ಹೆಸರಿನ ಮೂರು ಮರಗಳಿವೆ. ಆನೆಯ ಮೈಯಂತೆ ಬೂದು ಬಣ್ಣದ, ಮಡಿಕೆ ಬಿದ್ದ ಬೊಡ್ಡೆ. ಹಲವರು ಕೈ ಕೈ ಹಿಡಿದು ನಿಂತರಷ್ಟೇ ಒಂದು ಸುತ್ತು ಆದೀತು. ಬೇಸಿಗೆಯಲ್ಲಿ ಎಲೆಯುದುರಿ ಬೋಳಾಗಿ ನಿಲ್ಲುತ್ತವೆ. ಉದ್ದನೆಯ ತೊಟ್ಟಿಗೆ ಜೋತುಬಿದ್ದ ಬಿಳಿ ಹೂ ಅರಳುವುದು ಇರುಳಿನಲ್ಲಿ. ಕಾಯಿಯ ಗಟ್ಟಿ ಚಿಪ್ಪು ಒಡೆದರೆ ಒಳಗಿನ ತಿರುಳು ಹುಳಿ. ಈ ಜಾತಿಯ ತವರು ಆಫ್ರಿಕಾ. ವಿಜಯಪುರದಲ್ಲೂ ಇಂಥ ಮರಗಳಿವೆ. ಸವಣೂರಿನ ನವಾಬರ ಮನೆತನವೂ ಆ ವಿಜಯಪುರದಿಂದಲೇ ಬಂದದ್ದು.

ಆದಿಲಶಾಹಿ ದರ್ಬಾರಿನಲ್ಲಿ ಅಫ್ಘನ್ ಪಠಾಣರೂ ಆಫ್ರಿಕಾ ಮೂಲದ ಹಬ್ಶಿ ಸರದಾರರೂ ಸರಿಸಮನಾಗಿ ನಿಂತಿದ್ದರು. ಎಳೆಯ ಸಿಕಂದರ್ ಆದಿಲಶಾಹನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದವನು ಹಬ್ಶಿ ಖವಾಸ್ ಖಾನ. 1675ರಲ್ಲಿ ಪಠಾಣ ಬಹಲೋಲ ಖಾನ ಅವನನ್ನು ಸೆರೆಹಿಡಿದು ಅಧಿಕಾರ ಕಸಿದುಕೊಂಡ. ಬಹಲೋಲ ಸತ್ತ ಮೇಲೆ ಹಬ್ಶಿ ಸಿದ್ದಿ ಮಸೂದನ ಕೈ ಮೇಲಾಯಿತು. ಈ ಒಳಜಗಳದಲ್ಲೇ ರಾಜ್ಯ ಸೊರಗಿತು. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದ. ಬಹಲೋಲನ ಮನೆತನದ ಅಬ್ದುಲ್ ರವೂಫ್ ಖಾನ ಮೊಗಲರ ಸೇವೆಗೆ ಸೇರಿ, ದಿಲೇರ್ ಖಾನನೆಂಬ ಬಿರುದನ್ನೂ ಬಂಕಾಪುರದ ಜಹಗೀರನ್ನೂ ಪಡೆದ. ಮುಂದೆ ಸವಣೂರು ರಾಜಧಾನಿಯಾಯಿತು.

ಆ ಸವಣೂರಿಗೆ ಘೋರ ಕಾಲ ಬಂದದ್ದು 1756ರಲ್ಲಿ. ಮರಾಠರ ಪೇಶ್ವೆಯ ತೋಪಖಾನೆಯನ್ನು ಬಿಟ್ಟುಬಂದ ಮುಜಫರ್ ಖಾನನಿಗೆ ನವಾಬ ಅಬ್ದುಲ್ ಹಕೀಮ ಖಾನ ಆಶ್ರಯ ಕೊಟ್ಟಿದ್ದ. ಒಪ್ಪಿಸೆಂದು ಪೇಶ್ವೆ ಕೇಳಿದಾಗ ಒಲ್ಲೆನೆಂದ. ನಂಬಿ ಬಂದವನನ್ನು ಕೈಬಿಡದ ಆ ಒಂದು ಹಟಕ್ಕಾಗಿ ನವಾಬನ ಮೇಲೆ ನನಗೆ ಗೌರವವಿದೆ, ಊರು ಅದಕ್ಕೆ ದುಬಾರಿ ಬೆಲೆ ತೆತ್ತರೂ. ಪೇಶ್ವೆ ಬಾಳಾಜಿ ಬಾಜೀರಾಯನ ದಂಡು, ನಿಜಾಮ ಸಲಾಬತ್ ಜಂಗನ ದಂಡು, ಅವನ ಜೊತೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಸವಣೂರನ್ನು ಸುತ್ತುವರಿದವು. ನವಾಬ ಮಣಿದು ರಾಜ್ಯದ ಒಂದಷ್ಟು ಭಾಗವನ್ನು ಬಿಟ್ಟುಕೊಟ್ಟ.

     

ಆಮೇಲೆ ಸವಣೂರಿನ ನವಾಬ ಮೈಸೂರಿಗೂ ಮರಾಠರಿಗೂ ನಡುವೆ ಸಿಕ್ಕಿಬಿದ್ದಿದ್ದ. 1779ರಲ್ಲಿ ಹೈದರಾಲಿಯ ಮನೆಗೆ ಮಗಳನ್ನು ಕೊಟ್ಟು, ಅಲ್ಲಿಂದ ಸೊಸೆಯನ್ನು ತಂದ. ಆ ಬೀಗತನವೂ ಕಾಯಲಿಲ್ಲ. 1786ರಲ್ಲಿ ಟಿಪ್ಪು ಸವಣೂರನ್ನು ಹಿಡಿದ. ಇಷ್ಟೆಲ್ಲ ದಂಡುಗಳ ಧೂಳಿನ ನಡುವೆ ಉತ್ತರಾದಿ ಮಠದ ಸತ್ಯಬೋಧತೀರ್ಥರು ಇದೇ ಊರಿನಲ್ಲಿ ನೆಲೆಸಿ 1783ರಲ್ಲಿ ಬೃಂದಾವನಸ್ಥರಾದರು. ಪಠಾಣನ ರಾಜಧಾನಿಯಲ್ಲಿ ಮಾಧ್ವ ಯತಿಯ ಬೃಂದಾವನ, ಆಫ್ರಿಕಾದ ಮರದಡಿಯಲ್ಲಿ ವೀರಶೈವರ ಕಲ್ಮಠ: ಸವಣೂರಿನ ಹಿರಿಮೆ ನನಗೆ ಕಾಣುವುದು ಇಲ್ಲಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ನವಾಬರಿಗೆ ವಂಶಾವಳಿಯಿದೆ, ಹಬ್ಶಿ ಸರದಾರರ ಹೆಸರುಗಳು ತವಾರೀಖುಗಳಲ್ಲಿವೆ. ಅದೇ ಆಫ್ರಿಕಾದಿಂದ ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದು ಮಾರಾಟವಾದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳು. ಮುಂಡಗೋಡವೆಂದರೆ ಹಾನಗಲ್ಲು, ಶಿಗ್ಗಾವಿಗಳಿಗೆ ನೆರೆಯ ತಾಲೂಕು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ದಮಾಮಿ ಬಡಿದು ಕುಣಿಯುವಾಗ ಆ ಭೇದ ಉಳಿಯುವುದಿಲ್ಲ. ಹಿರಿಯರನ್ನು ನೆನೆದು ಪೂಜಿಸುತ್ತಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಸಂತೆಯಲ್ಲಿ ನಮ್ಮದೇ ಕನ್ನಡ. ಉತ್ತರ ಕನ್ನಡದ ಸಿದ್ದಿಗಳನ್ನು ಸರ್ಕಾರ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ವಿಜಯಪುರವನ್ನಾಳಿದ ಸಿದ್ದಿ ಮಸೂದನ ಕಾಲ ಕಳೆದು ಮುನ್ನೂರು ವರ್ಷಗಳಾದ ಮೇಲೆ.