ಒಂದು ನಿಲ್ದಾಣ, ಎರಡು ಹಳಿ

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದುದು ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ದೊರೆಯ ಹೆಸರು ಅದು. ಅಲ್ಲಿನ ಜಂಕ್ಷನ್ನಿನಲ್ಲಿ ಬಹುಕಾಲ ಎರಡು ಅಳತೆಯ ಹಳಿಗಳಿದ್ದವು. ಮದರಾಸಿನಿಂದ ಬೆಂಗಳೂರಿಗೆ ಹೋಗುವ ದಾರಿ, ಚಿನ್ನದ ಗಣಿಯ ಮಾರಿಕುಪ್ಪಂಗೆ ಹೋಗುವ ದಾರಿ, ಎರಡೂ ಐದೂವರೆ ಅಡಿಯ ಬ್ರಾಡ್‌ಗೇಜ್. 1913ರಲ್ಲಿ ಕೋಲಾರದ ಕಡೆಗೆ ಹಾಕಿದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಗಾಡಿಯೂ ಗಟ್ಟಿ, ಹಳಿಯೂ ಗಟ್ಟಿ. ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಕೋಲಾರದಿಂದ ಬಂದ ಮೂಟೆಯನ್ನು ಇಲ್ಲಿ ಇಳಿಸಿ, ಪಕ್ಕದ ಗಾಡಿಗೆ ಮತ್ತೆ ಹೇರಬೇಕಿತ್ತು. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬ್ರಾಡ್‌ಗೇಜ್ ಗಾಡಿ ಓಡಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ನೂರು ವರ್ಷ ಕಳೆದಿತ್ತು.

ಗಣಿಯ ವಿದ್ಯುತ್ತಿನ ಕಥೆಯೂ ಇಂಥದೇ. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಕೆ.ಜಿ.ಎಫ್.ಗೆ ವಿದ್ಯುತ್ ತಂದರು. ಆ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ಈಗ ನಮ್ಮ ಮನೆಗಳಿಗೆ ಬರುವುದು 50 ಆವರ್ತದ್ದು. ಇಪ್ಪತ್ತೈದಕ್ಕೆಂದು ಮಾಡಿದ ಮೋಟಾರಿಗೆ ಐವತ್ತನ್ನು ಕೊಟ್ಟರೆ ಅದು ಇಮ್ಮಡಿ ವೇಗದಲ್ಲಿ ತಿರುಗಲು ಹೊರಡುತ್ತದೆ. ಆಗ ಮೋಟಾರು ಕೆಟ್ಟಿದೆ ಎನ್ನುವುದೂ ತಪ್ಪು, ಕರೆಂಟು ಕೆಟ್ಟಿದೆ ಎನ್ನುವುದೂ ತಪ್ಪು. ಕೆಟ್ಟಿರುವುದು ಹೊಂದಾಣಿಕೆ.

ಈ ಹಳೆಯ ಮಾತುಗಳನ್ನು ನೆನೆಯಲು ಕಾರಣ ಕಂಪ್ಯೂಟರು. ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರ ಸುಮಾರಿನಿಂದ ನಡೆದ ‘ವಿಷಯ ಶಿಕ್ಷಕರ ವೇದಿಕೆ’ ತರಬೇತಿಗಳಲ್ಲಿ ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನು ಕಲಿಸಿದರು. ಅದರ ವಂಶಾವಳಿ ಉದ್ದವಾದದ್ದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿತು. ಅದರ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆದ. 1993ರಲ್ಲಿ ಇಯಾನ್ ಮರ್ಡಾಕ್ ಲಿನಕ್ಸನ್ನು ಬೇಕಾದ ತಂತ್ರಾಂಶಗಳೊಡನೆ ಒಪ್ಪವಾಗಿ ಜೋಡಿಸಿ ಹಂಚಲು ಡೆಬಿಯನ್ ಆರಂಭಿಸಿದ. ಮುಂದೆ ತನ್ನ ಹೆಂಡತಿಯಾದ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರದು. ಹೆಣ್ಣಿನ ಹೆಸರು ಮೊದಲು ಬಂದಿರುವುದು ನನಗಂತೂ ಸಂತೋಷ. ಆ ಡೆಬಿಯನ್ನಿನಿಂದ 2004ರಲ್ಲಿ ಉಬುಂಟು ಬಂತು.

ಈ ವ್ಯವಸ್ಥೆಗಳಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕ ಭಂಡಾರವಲ್ಲ. ಪ್ರತಿ ಮನೆಯವರೂ ಒಂದೊಂದು ಹಿಟ್ಟಿನ ಗಿರಣಿ ಇಟ್ಟುಕೊಳ್ಳುತ್ತೇವೆಯೇ? ಊರಿಗೆಲ್ಲ ಒಂದು ಗಿರಣಿ ಸಾಕು. ಹಾಗೆಯೇ ಎಲ್ಲ ತಂತ್ರಾಂಶಗಳಿಗೂ ಬೇಕಾಗುವ ಕೆಲಸಗಳನ್ನು ಒಂದೆಡೆ ಬರೆದಿಟ್ಟು ಹಂಚಿಕೊಳ್ಳುತ್ತಾರೆ, ಅದೇ ಲೈಬ್ರರಿ. ‘ಪ್ಯಾಕೇಜ್’ ಎಂದರೆ ತಂತ್ರಾಂಶದ ಗಂಟು. ತನಗೆ ಯಾವ ಲೈಬ್ರರಿ ಬೇಕು, ಎಷ್ಟನೆಯ ಆವೃತ್ತಿ ಬೇಕು ಎಂಬ ಪಟ್ಟಿ ಗಂಟಿನೊಳಗೇ ಇರುತ್ತದೆ. ಮದುವೆ ಸಾಮಾನಿನ ಪಟ್ಟಿಯಂತೆ, ಒಂದು ಬಿಟ್ಟುಹೋದರೂ ಶಾಸ್ತ್ರ ನಿಲ್ಲುತ್ತದೆ.

ಗಿರಣಿಗಳಲ್ಲೆಲ್ಲ ದೊಡ್ಡ ಗಿರಣಿ ‘ಲಿಬ್‌ಸಿ’. ಅಲ್ಲಿಗೆ ಹೋಗದ ತಂತ್ರಾಂಶ ಬಹಳ ಕಡಿಮೆ. 1997–98ರ ಸುಮಾರಿಗೆ ಲಿನಕ್ಸ್ ಲೋಕ ಲಿಬ್‌ಸಿ ಐದನ್ನು ಬಿಟ್ಟು ಆರಕ್ಕೆ ಹೊರಳಿತು. ಐದಕ್ಕೆಂದು ಕಟ್ಟಿದ್ದು ಆರರ ಮೇಲೆ ನಡೆಯದು, ಆರಕ್ಕೆಂದು ಕಟ್ಟಿದ್ದು ಐದರ ಮೇಲೆ ನಡೆಯದು. ಆಗ ಡೆಬಿಯನ್ನಿನವರು ಹಳೆಯದನ್ನು ಕಿತ್ತೆಸೆಯಲಿಲ್ಲ. ಹೆಸರಿನ ಕೊನೆಯ ಅಂಕಿಯಿಂದ ಗುರುತು ಸಿಗುವಂತೆ ಎರಡನ್ನೂ ಅಕ್ಕಪಕ್ಕ ಇರಿಸಿದರು. ನಮ್ಮ ಬಂಗಾರಪೇಟೆಯ ನಿಲ್ದಾಣದ ಹಾಗೆ ಎನ್ನಿ. 1999ರಲ್ಲಿ ಡೆಬಿಯನ್ನಿಗೆ ‘ಆಪ್ಟ್’ ಬಂತು. ಒಂದು ತಂತ್ರಾಂಶ ಕೇಳಿದರೆ ಪಟ್ಟಿ ಓದಿ, ಅದರ ಜೊತೆಗೆ ಬೇಕಾದುದನ್ನೆಲ್ಲ ತಾನೇ ತಂದು ಜೋಡಿಸುವ ನಂಬಿಗಸ್ತ ಅಂಗಡಿಯವ ಅದು.

ಹಾಗಿದ್ದೂ ತೊಡಕು ಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳಿಗೆ ರೇಖಾಗಣಿತ ಕಲಿಸಲೆಂದು ಹೊಸ ತಂತ್ರಾಂಶವೊಂದನ್ನು ಹೊರಗಿನಿಂದ ತಂದು ಹಾಕಿದರೆ ತೆರೆಯಲೇ ಇಲ್ಲ. ರಿಪೇರಿಗೆ ಬಂದಿದ್ದವನು, “ಇವು ಹಳೇ ಮಿಷಿನ್ನು ಮೇಡಂ, ಎಲ್ಲಾ ತೆಗೆದು ಹೊಸದು ಕೊಳ್ಳಿ” ಎಂದುಬಿಟ್ಟ. ಕೊಳ್ಳಲು ಹಣವೆಲ್ಲಿ? 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ಗಾಡಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಮಕ್ಕಳು ಇವರು. ಈ ಕೋಣೆಗೆ ಬೀಗ ಬಿದ್ದರೆ ಅವರ ಪಾಲಿಗೆ ಕಂಪ್ಯೂಟರೇ ಇಲ್ಲ. ಅಷ್ಟರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, “ಮಿಸ್, ಅದೇ ಏನೋ ಹೇಳ್ತಾ ಇದೆ ನೋಡಿ” ಎಂದು ಪರದೆಯ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. ‘ಜಿಲಿಬ್‌ಸಿ 2.28 ಸಿಗಲಿಲ್ಲ’ ಎಂಬುದು ಅದರ ಅರ್ಥ. ಲಿಬ್‌ಸಿ ಆರರದೇ ಇನ್ನೊಂದು ಹೆಸರು ಜಿಲಿಬ್‌ಸಿ. ನಮ್ಮದು 2018ರ ಏಪ್ರಿಲ್ಲಿನ ಉಬುಂಟು, ಅದರಲ್ಲಿದ್ದದ್ದು 2.27. ತಂತ್ರಾಂಶ ಕೇಳಿದ 2.28 ಹೊರಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ನಾಲ್ಕು ತಿಂಗಳ ಅಂತರಕ್ಕೆ ಅಷ್ಟೂ ಕಂಪ್ಯೂಟರುಗಳು ಗುಜರಿಗೆ ಹೋಗಬೇಕಿತ್ತೇ? ಆಪ್ಟಿನ ಪಟ್ಟಿಯನ್ನು ಹೊಸದಾಗಿ ತರಿಸಿಕೊಂಡು, ನಮ್ಮ ಉಬುಂಟುವಿಗೆಂದೇ ಕಟ್ಟಿದ್ದ ಹಿಂದಿನ ಆವೃತ್ತಿಯನ್ನು ಹಾಕಿದೆವು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ತ್ರಿಭುಜ ಮೂಡಿತು.

ಮನೆಯಲ್ಲಿ ಮಕ್ಕಳು ಇಂಥ ತೊಡಕು ತಂದರೆ ನೀವೂ ದಾರಿ ತೋರಬಹುದು. ಮೊದಲು ಯಂತ್ರ ಹೇಳುವುದನ್ನು ಪೂರ್ತಿ ಓದಿಸಿ. ‘ಎಲ್‌ಡಿಡಿ’ ಎಂಬ ಆಜ್ಞೆ ಕೊಟ್ಟರೆ ತಂತ್ರಾಂಶಕ್ಕೆ ಯಾವ ಲೈಬ್ರರಿಗಳು ಬೇಕು, ಯಾವುದು ಸಿಗುತ್ತಿಲ್ಲ ಎಂಬುದು ಕಾಣುತ್ತದೆ. ಬೇಕಾದುದನ್ನು ಆ ವ್ಯವಸ್ಥೆಯ ಸ್ವಂತ ಭಂಡಾರದಿಂದಲೇ ತರಿಸಿ. ಅಲ್ಲಿ ಸಿಗದಿದ್ದರೆ ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ಬಗೆಗಳುಂಟು. ಅವು ಬೇಕಾದ ಲೈಬ್ರರಿಗಳನ್ನು ಬುತ್ತಿಯಂತೆ ಜೊತೆಗೇ ಕಟ್ಟಿಕೊಂಡು ಬರುತ್ತವೆ. ಜಾಗ ಹೆಚ್ಚು ಹಿಡಿದರೂ ಯಾರ ಹಂಗೂ ಇಲ್ಲ. ಅದೂ ಆಗದಿದ್ದರೆ ಇಡೀ ವ್ಯವಸ್ಥೆಯನ್ನೇ ಮುಂದಿನ ಆವೃತ್ತಿಗೆ ಏರಿಸಬೇಕು. ಜಿಲಿಬ್‌ಸಿಯನ್ನು ಮಾತ್ರ ಕಿತ್ತು ಬೇರೆ ತಂದು ಬಲವಂತವಾಗಿ ತುರುಕಬಾರದು. ಊರಿನ ಗಿರಣಿ ಕೆಟ್ಟರೆ ಎಲ್ಲರ ಮನೆಯ ಒಲೆಯೂ ಆರುತ್ತದೆ.

ಜಿಲಿಬ್‌ಸಿ ಬರೆಯುವವರು ಒಂದು ಉಪಕಾರ ಮಾಡಿದ್ದಾರೆ. ಹಳೆಯ ಜಿಲಿಬ್‌ಸಿಯ ಮೇಲೆ ಕಟ್ಟಿದ ತಂತ್ರಾಂಶ ಹೊಸದರ ಮೇಲೂ ನಡೆಯುವಂತೆ ಜೋಪಾನ ಮಾಡುತ್ತಾರೆ. ಹೊಸದು ಹಳೆಯದರ ಮೇಲೆ ನಡೆಯಲೆಂದು ಹಟ ಹಿಡಿಯುವುದಿಲ್ಲ. ಹೊಸತಾಗಿ ಬಂದವರು ಮೊದಲಿದ್ದವರಿಗೆ ಜಾಗ ಬಿಡಬೇಕೆಂಬ ಈ ನೀತಿ ಸೊಸೆಯಂದಿರಿಗೂ ಗೊತ್ತು, ಹೊಸ ಹೆಡ್‌ಮೇಡಂಗಳಿಗೂ ಗೊತ್ತಿರಬೇಕು. ಹೊಂದುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಂತ್ರವನ್ನಾಗಲಿ, ಮಗುವನ್ನಾಗಲಿ, ಊರನ್ನಾಗಲಿ ಕೆಲಸಕ್ಕೆ ಬಾರದ್ದು ಎಂದು ಬರೆದುಹಾಕುವ ಮುನ್ನ, ಕೊನೆಯ ಸಾಲಿನವರೆಗೆ ಓದೋಣ.