ಕೆರೆಯ ದಂಡೆಯಿಂದ ಗ್ರಾಮಸಭೆಯವರೆಗೆ: ಮಿರಜ ಸೀಮೆಯಲ್ಲಿ ಸಹಬಾಳ್ವೆ ಮತ್ತು ನಾಗರಿಕ ಹೊಣೆಯ ಇತಿಹಾಸ

ಪೀಠಿಕೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮಿರಜ ತಾಲ್ಲೂಕಿನ ಬೇಡಗ, ಆರಗ, ಸಲಗರೆ, ಮ್ಹೈಸಾಳ ಮೊದಲಾದ ಹಳ್ಳಿಗಳು ಕರ್ನಾಟಕದ ಗಡಿಗೆ ಸಮೀಪದಲ್ಲಿದ್ದು, ಮರಾಠಿ ಮತ್ತು ಕನ್ನಡ ಎರಡೂ ಬಳಕೆಯಲ್ಲಿರುವ ಸೀಮೆಗೆ ಸೇರಿವೆ. ಜೈನರು, ಲಿಂಗಾಯತರು, ಮರಾಠರು, ಧನಗರರು, ಮುಸಲ್ಮಾನರು, ಬೌದ್ಧ ಧರ್ಮ ಸ್ವೀಕರಿಸಿದವರೂ ಸೇರಿದಂತೆ ದಲಿತರು ಶತಮಾನಗಳಿಂದ ಜೊತೆಯಾಗಿ ಬಾಳುತ್ತ ಬಂದ ಈ ಪ್ರದೇಶವು ವೈವಿಧ್ಯವುಳ್ಳ ಪ್ರಜಾಪ್ರಭುತ್ವದಲ್ಲಿ ಐಕ್ಯ ಹೇಗೆ ರೂಪುಗೊಳ್ಳುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಪರಿಶೀಲಿಸಲು ತಕ್ಕ ಕ್ಷೇತ್ರವಾಗಿದೆ. ಜನಸಮುದಾಯವೊಂದು ತನ್ನ ದಿನನಿತ್ಯದ ನಡವಳಿಕೆಗೆ ಅಳತೆಗೋಲಾಗಿ ಒಪ್ಪಿಕೊಂಡ ಒಳಿತಿನ ಕಲ್ಪನೆಗಳನ್ನು ಸಾಮಾಜಿಕ ಮೌಲ್ಯಗಳೆಂದೂ, ತನಗೊಬ್ಬನಿಗೇ ಸೇರದ, ಎಲ್ಲರಿಗೂ ಸೇರಿದ ವಸ್ತು ಮತ್ತು ವ್ಯವಸ್ಥೆಗಳ ವಿಷಯದಲ್ಲಿ ಪ್ರತಿಯೊಬ್ಬನೂ ಹೊರಬೇಕಾದ ಕರ್ತವ್ಯವನ್ನು ನಾಗರಿಕ ಹೊಣೆಯೆಂದೂ ಇಲ್ಲಿ ಗ್ರಹಿಸಲಾಗಿದೆ. ಈ ಸೀಮೆಯ ಐಕ್ಯವು ಭಾಷೆ ಅಥವಾ ಮತ ಒಂದೇ ಆಗಿರುವುದರಿಂದ ಹುಟ್ಟಿದ್ದಲ್ಲ. ಕೆರೆ, ಶಾಲೆ, ಆಸ್ಪತ್ರೆ, ಪಂಚಾಯತಿಗಳಂತಹ ಸಾರ್ವಜನಿಕ ಸ್ವತ್ತುಗಳನ್ನು ಹಂಚಿಕೊಂಡದ್ದರಿಂದ ಹುಟ್ಟಿದ್ದು. ಆ ಹಂಚಿಕೆಯಲ್ಲಿ ಕಡೆಯವನಿಗೂ ಸಮಪಾಲು ಸಿಕ್ಕಷ್ಟು ಮಟ್ಟಿಗೆ ಮಾತ್ರ ಅದು ಗಟ್ಟಿಯಾಗಿ ನಿಂತಿದೆ ಎಂಬುದು ಈ ಲೇಖನದ ಪ್ರತಿಪಾದನೆ.

ಶಾಸನಗಳು ತೋರುವ ಸಹಬಾಳ್ವೆ

ಮಿರಜವು ಮಧ್ಯಕಾಲದ ದಾಖಲೆಗಳಲ್ಲಿ ಮಿರಿಂಜೆ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಕೊಲ್ಲಾಪುರದ ಶಿಲಾಹಾರ ಅರಸ ಗಂಡರಾದಿತ್ಯನ ಕ್ರಿ.ಶ. 1110ರ ತಾಳಲೆ ತಾಮ್ರಪಟಗಳ ಪ್ರಕಾರ, ಅವನು ಮಿರಿಂಜೆ ನಾಡಿನ ಇರುಕುಡಿ ಎಂಬಲ್ಲಿ ಗಂಡಸಮುದ್ರವೆಂಬ ದೊಡ್ಡ ಕೆರೆಯನ್ನು ಕಟ್ಟಿಸಿ, ಅದರ ದಂಡೆಯ ಮೇಲೆ ಈಶ್ವರ, ಬುದ್ಧ ಮತ್ತು ಅರ್ಹಂತ ಈ ಮೂವರನ್ನೂ ಪ್ರತಿಷ್ಠಾಪಿಸಿ, ಮೂವರಿಗೂ ಭೂಮಿಯನ್ನು ದತ್ತಿ ಬಿಟ್ಟನು. ಮೂರು ಬೇರೆ ಬೇರೆ ಮತಗಳ ಆರಾಧ್ಯರು ಒಂದೇ ನೀರಿನ ದಂಡೆಯನ್ನು ಹಂಚಿಕೊಂಡ ಈ ವ್ಯವಸ್ಥೆಯಲ್ಲಿ ಯಾರೊಬ್ಬರೂ ತಮ್ಮ ನಂಬಿಕೆಯನ್ನು ಬಿಟ್ಟುಕೊಡಬೇಕಾಗಿರಲಿಲ್ಲ.

ಇದೇ ಕಾಲದ ಇನ್ನೊಂದು ಸಾಕ್ಷ್ಯವು ತೇರದಾಳದಲ್ಲಿದೆ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ, ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಕನ್ನಡ ಶಾಸನವು, ಅಲ್ಲಿನ ಮಾಂಡಲಿಕ ಗೊಂಕನು 12ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಯನ್ನೂ ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರನ್ನೂ ಉಲ್ಲೇಖಿಸುತ್ತದೆ. ಅದೇ ಕಲ್ಲಿನ ಮುಂದಿನ ಭಾಗದಲ್ಲಿ ವೀರಬಣಂಜುಗಳು, ಅಂದರೆ ಅಯ್ಯಾವೊಳೆಯ ಐನೂರ್ವರೆಂದು ಹೆಸರಾದ ಸಂಚಾರಿ ವರ್ತಕರ ಸಂಘದವರು, ಬಿಟ್ಟುಕೊಟ್ಟ ದತ್ತಿಯ ವಿವರವಿದೆ. ಅರಸನ ಅಪ್ಪಣೆಯಿಲ್ಲದೆ ತಮ್ಮ ವ್ಯಾಪಾರದ ಗಳಿಕೆಯಲ್ಲಿ ಒಂದು ಪಾಲನ್ನು ಸಾರ್ವಜನಿಕ ಕಾರ್ಯಕ್ಕೆ ತಾವೇ ಕಟ್ಟುಪಾಡು ಮಾಡಿಕೊಂಡು ಕೊಡುವ ಈ ಪದ್ಧತಿಯನ್ನು ನಾಗರಿಕ ಹೊಣೆಯ ಹಳೆಯ ರೂಪವೆಂದು ಪರಿಗಣಿಸಬಹುದು. ಈ ಭಾಗದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದವರು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಎಂಬುದು ಸ್ಮರಣೀಯ.

ಈ ಸಾಕ್ಷ್ಯಗಳಿಗೆ ಮಿತಿಯೂ ಇದೆ. ದಾನಶಾಸನಗಳು ದಾನಿಯನ್ನು, ದತ್ತಿಯನ್ನು, ದೇವಾಲಯವನ್ನು ಹೇಳುತ್ತವೆಯೇ ಹೊರತು ಕೆರೆಯ ಮಣ್ಣು ಹೊತ್ತವರೆಲ್ಲರೂ ಆ ಕೆರೆಯ ನೀರನ್ನು ಮುಟ್ಟಬಹುದಾಗಿತ್ತೇ ಎಂಬುದನ್ನು ಹೇಳುವುದಿಲ್ಲ. ಮತಗಳ ನಡುವಣ ಸೌಹಾರ್ದವು ಜಾತಿಗಳ ನಡುವಣ ಸಮಾನತೆಯಾಗಿರಲಿಲ್ಲ. ಅರಸನ ಔದಾರ್ಯವು ಪ್ರಜೆಯ ಹಕ್ಕಾಗಿರಲಿಲ್ಲ. ಈ ಎರಡು ಕೊರತೆಗಳನ್ನು ತುಂಬಲು ಮುಂದಿನ ಎಂಟು ನೂರು ವರ್ಷಗಳು ಹಿಡಿದವು.

ಸಂಸ್ಥಾನಗಳ ಕಾಲದ ಹಂಚಿಕೆಯ ಬದುಕು

ಪೇಶ್ವೆಯವರ ಸರದಾರರಾಗಿದ್ದ ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಮಿರಜದಿಂದ 1801ರಲ್ಲಿ ಸಾಂಗ್ಲಿ ಬೇರ್ಪಟ್ಟು ಪ್ರತ್ಯೇಕ ಸಂಸ್ಥಾನವಾಯಿತು. ಮಿರಜವೂ ಮುಂದೆ ಹಿರಿಯ ಮತ್ತು ಕಿರಿಯ ಶಾಖೆಗಳಾಗಿ ಒಡೆಯಿತು. ಸಾಂಗ್ಲಿಗೆ ತೇರದಾಳ, ಶಹಾಪುರ, ಶಿರಹಟ್ಟಿಗಳೂ ಹಿರಿಯ ಮಿರಜಕ್ಕೆ ಲಕ್ಷ್ಮೇಶ್ವರವೂ ಕಿರಿಯ ಮಿರಜಕ್ಕೆ ಗುಡಗೇರಿಯೂ ಸೇರಿದ್ದರಿಂದ, ಮರಾಠಿ ಮನೆತನಗಳ ಈ ಸಂಸ್ಥಾನಗಳ ಪ್ರಜೆಗಳಲ್ಲಿ ದೊಡ್ಡ ಪಾಲು ಕನ್ನಡಿಗರದ್ದಾಗಿತ್ತು. 1948ರ ಮಾರ್ಚ್ 8ರಂದು ಅವು ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೂ ಭಾಷೆಯ ಗೆರೆಗೂ ಆಡಳಿತದ ಗೆರೆಗೂ ಇಲ್ಲಿ ಸಂಬಂಧವಿರಲಿಲ್ಲ.

ಹೀಗೆ ಬೆರೆತ ಬದುಕಿನ ಫಲಗಳು ಇಂದಿಗೂ ಕಣ್ಣೆದುರಿಗಿವೆ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಕುಟುಂಬಗಳು 19ನೆಯ ಶತಮಾನದಲ್ಲಿ ತಂತಿವಾದ್ಯ ತಯಾರಿಕೆಗೆ ತಿರುಗಿದವು. ಆ ಪರಂಪರೆಯ ಮಿರಜ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನಕ್ಕೆ ಕಾನೂನು ನೀಡುವ ಗುರುತು, ದೊರೆಯಿತು. ಮಿರಜದಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡಾಗ ಅವರನ್ನು ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಮಣ್ಣು ಮಾಡಲಾಯಿತು. ಉರುಸಿನ ಸಮಯದಲ್ಲಿ ಅಲ್ಲಿ ನಡೆಯುವ ಸಂಗೀತೋತ್ಸವವು ಅವರ ಸ್ಮರಣೆಗೆ ಮೀಸಲಾಗಿದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಕಲಿತ ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರ ಮೂಲಕ ಈ ಗಾಯನವು ಕನ್ನಡ ನಾಡಿನ ಮನೆಮಾತಾಯಿತು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಮಿರಜದಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆಯು ಉತ್ತರ ಕರ್ನಾಟಕದ ರೋಗಿಗಳಿಗೂ ಆಸರೆಯಾಯಿತು. 1919ರಲ್ಲಿ ಸ್ಥಾಪನೆಯಾದ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಕಲಿಸಿದ ರಂ. ಶ್ರೀ. ಮುಗಳಿಯವರು ತಮ್ಮ 'ಕನ್ನಡ ಸಾಹಿತ್ಯ ಚರಿತ್ರೆ' ಕೃತಿಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮರಾಠಿ ನಗರವೊಂದರ ಕಾಲೇಜಿನಲ್ಲಿ ಬೋಧಿಸುತ್ತಿದ್ದವರು ಕನ್ನಡ ಸಾಹಿತ್ಯದ ಇತಿಹಾಸವನ್ನು ರಚಿಸಿದರೆಂಬುದು ಆ ಕಾಲದ ಸಾಂಸ್ಕೃತಿಕ ವೈಶಾಲ್ಯಕ್ಕೆ ಸಾಕ್ಷಿ.

ಔದಾರ್ಯದಿಂದ ಹಕ್ಕಿನ ಕಡೆಗೆ

ಜಾತಿಯ ಕೊರತೆಯನ್ನು ಆಡಳಿತದ ಮೂಲಕ ನೀಗಿಸುವ ಮೊದಲ ದೊಡ್ಡ ಯತ್ನವು ನೆರೆಯ ಕೊಲ್ಲಾಪುರದಲ್ಲಿ ನಡೆಯಿತು. ಛತ್ರಪತಿ ಶಾಹು ಮಹಾರಾಜರು 1902ರ ಜುಲೈ 26ರ ಆಜ್ಞೆಯಿಂದ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. 1919ರಲ್ಲಿ ಶಾಲೆ, ಆಸ್ಪತ್ರೆಗಳಂತಹ ಸಾರ್ವಜನಿಕ ಸ್ಥಳಗಳಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ನಿಷೇಧಿಸಿದರು. 1920ರ ಮಾರ್ಚ್‌ನಲ್ಲಿ ಮಾಣಗಾವದಲ್ಲಿ ಡಾ. ಬಿ. ಆರ್. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಡೆದ ಪರಿಷತ್ತಿಗೆ ಅವರು ಸ್ವತಃ ಹಾಜರಾಗಿದ್ದರು. ಏಳು ವರ್ಷಗಳ ತರುವಾಯ, 1927ರ ಮಾರ್ಚ್ 20ರಂದು, ಅಂಬೇಡ್ಕರರು ಕೊಂಕಣದ ಮಹಾಡದಲ್ಲಿ ಸಾವಿರಾರು ಜನರೊಂದಿಗೆ ಚವದಾರ ಕೆರೆಯ ನೀರನ್ನು ಕುಡಿದರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬೈ ವಿಧಾನ ಪರಿಷತ್ತು 1923ರಲ್ಲಿಯೇ ಠರಾವು ಮಾಡಿದ್ದರೂ ಅದನ್ನು ಜಾರಿಗೆ ತರಲು ಜನರೇ ಕೆರೆಗೆ ಇಳಿಯಬೇಕಾಯಿತು. ಗಂಡಸಮುದ್ರದ ದಂಡೆಯಲ್ಲಿ ಉತ್ತರವಿಲ್ಲದೆ ಉಳಿದಿದ್ದ ಪ್ರಶ್ನೆಯನ್ನು ಮಹಾಡದ ಕೆರೆಯು ಕೇಳಿಯೇ ಬಿಟ್ಟಿತು.

ಎರಡನೆಯ ಕೊರತೆಗೆ, ಅಂದರೆ ಆಡಳಿತದಲ್ಲಿ ಪ್ರಜೆಗೆ ಪಾಲಿಲ್ಲದಿದ್ದುದಕ್ಕೆ, ಔಂಧ ಸಂಸ್ಥಾನವು ಉತ್ತರ ಹುಡುಕಿತು. ಇಂದಿನ ಸಾಂಗ್ಲಿ ಜಿಲ್ಲೆಯ ಆಟಪಾಡಿ, ಕುಂಡಲಗಳೂ ವಿಜಯಪುರ ಸೀಮೆಯ ಗುಣದಾಳವೂ ಸೇರಿದ್ದ ಈ ಚಿಕ್ಕ ಸಂಸ್ಥಾನದ ಅರಸ ಭವಾನರಾವ ಪಂತಪ್ರತಿನಿಧಿಯವರು, ಗಾಂಧೀಜಿಯ ಮಾರ್ಗದರ್ಶನದಲ್ಲಿ, ಪೋಲೆಂಡ್ ಮೂಲದ ಮಾರಿಸ್ ಫ್ರೀಡ್‌ಮನ್ ಅವರ ನೆರವಿನಿಂದ ಸಿದ್ಧವಾದ ಸಂವಿಧಾನವನ್ನು 1939ರ ಜನವರಿಯಲ್ಲಿ ಜಾರಿಗೆ ತಂದು ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಗ್ರಾಮ ಪಂಚಾಯತಿಯೇ ಬುನಾದಿ, ಅದರ ಮೇಲೆ ತಾಲ್ಲೂಕು ಸಭೆ, ಅದರ ಮೇಲೆ ಸಂಸ್ಥಾನದ ಶಾಸನ ಸಭೆ ಎಂಬ ಈ ಏರ್ಪಾಡು ಕನ್ನಡ ಮತ್ತು ಮರಾಠಿ ಹಳ್ಳಿಗಳೆರಡಕ್ಕೂ ಅನ್ವಯಿಸಿತು. ಆಟಪಾಡಿಯ ಬಳಿ ಅದೇ ಕಾಲದಲ್ಲಿ ಆರಂಭವಾದ ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯು ಕೈದಿಗಳನ್ನೂ ನಂಬಿಕೆಗೆ ಪಾತ್ರರಾದ ನಾಗರಿಕರಂತೆ ಕಂಡು ಅವರಿಂದ ಬೇಸಾಯ ಮಾಡಿಸಿತು.

1943ರಿಂದ 1946ರವರೆಗೆ ಆಗಿನ ಸಾತಾರಾ ಜಿಲ್ಲೆಯಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲರ ನಾಯಕತ್ವದಲ್ಲಿ ನಡೆದ ಪ್ರತಿಸರ್ಕಾರವು, ಎಂದರೆ ಬ್ರಿಟಿಷ್ ಆಡಳಿತಕ್ಕೆ ಎದುರಾಗಿ ಜನರೇ ಕಟ್ಟಿಕೊಂಡ ಸಮಾನಾಂತರ ಆಡಳಿತವು, ಕುಂಡಲ, ವಾಳವಾ ಮುಂತಾದ ಇಂದಿನ ಸಾಂಗ್ಲಿ ಜಿಲ್ಲೆಯ ಹಳ್ಳಿಗಳಲ್ಲಿ ನ್ಯಾಯದಾನ ಮಂಡಳಗಳನ್ನು ನಡೆಸಿ ವ್ಯಾಜ್ಯಗಳನ್ನು ಬಗೆಹರಿಸಿತು. ಕಡಿಮೆ ಖರ್ಚಿನ ಸರಳ ವಿವಾಹಗಳನ್ನು ಪ್ರಚಾರಕ್ಕೆ ತಂದಿತು. ಅದು ಕೊಟ್ಟ ಶಿಕ್ಷೆಗಳಲ್ಲಿ ಕೆಲವು ಕ್ರೂರವಾಗಿದ್ದವೆಂಬುದನ್ನು ಮರೆಮಾಚಲಾಗದು. ಆದರೂ ಊರಿನ ನ್ಯಾಯ, ನೀತಿ, ರಕ್ಷಣೆಗಳು ತಮ್ಮದೇ ಹೊಣೆಯೆಂಬ ಅರಿವನ್ನು ಅದು ರೈತರಲ್ಲಿ ಮೂಡಿಸಿತು.

ಸಂವಿಧಾನ, ಗಡಿ ಮತ್ತು ಪಂಚಾಯತಿ

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಬಿಡಿ ಪ್ರಯೋಗಗಳ ಆಶಯವನ್ನು ದೇಶದ ಕಾನೂನಾಗಿಸಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು; 15ನೆಯ ವಿಧಿಯು ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿಯೇ ಅಲ್ಲಿ ಭೇದವೆಣಿಸುವುದನ್ನು ನಿಷೇಧಿಸಿತು. ಭ್ರಾತೃತ್ವವಿಲ್ಲದಿದ್ದರೆ ಸ್ವಾತಂತ್ರ್ಯವೂ ಸಮಾನತೆಯೂ ಸಹಜವಾಗಿ ಬೇರೂರಲಾರವೆಂದು ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ಎಚ್ಚರಿಸಿದ್ದರು. 1976ರ 42ನೆಯ ತಿದ್ದುಪಡಿಯಿಂದ ಸೇರಿದ 51-ಎ ವಿಧಿಯು ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿ ಸೌಹಾರ್ದವನ್ನು ಬೆಳೆಸುವುದನ್ನೂ ಸಾರ್ವಜನಿಕ ಸ್ವತ್ತನ್ನು ಕಾಪಾಡುವುದನ್ನೂ ನಾಗರಿಕರ ಮೂಲಭೂತ ಕರ್ತವ್ಯಗಳಾಗಿ ನಮೂದಿಸಿತು.

1956ರ ರಾಜ್ಯ ಪುನರ್ವಿಂಗಡಣೆಯು ಈ ಸೀಮೆಗೆ ಹೊಸ ಪ್ರಶ್ನೆಯೊಂದನ್ನು ತಂದಿತು. ತೇರದಾಳ, ಲಕ್ಷ್ಮೇಶ್ವರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮಿರಜ, ಜತ್ತಗಳು ಆಗಿನ ಮುಂಬೈ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. 1967ರ ಮಹಾಜನ ಆಯೋಗದ ವರದಿಯ ನಂತರವೂ ಗಡಿಯ ವಿವಾದ ಮುಗಿಯಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆನ್ನುವ 350-ಎ ವಿಧಿಯು ಇಲ್ಲಿನ ಕನ್ನಡ ಶಾಲೆಗಳಿಗೂ ಗಡಿಯಾಚೆಯ ಮರಾಠಿ ಶಾಲೆಗಳಿಗೂ ಒಂದೇ ರೀತಿ ಅನ್ವಯಿಸುತ್ತದೆ. ಒಂದು ಕಡೆ ಬೇಡುವ ಹಕ್ಕನ್ನು ಇನ್ನೊಂದು ಕಡೆ ನಿರಾಕರಿಸಲಾಗದು ಎಂಬ ಸರಳ ನ್ಯಾಯವೇ ಗಡಿನಾಡಿನ ಭಾಷಾ ಸೌಹಾರ್ದಕ್ಕೆ ತಳಹದಿ. ಜನರ ಅಗತ್ಯಗಳು ಗಡಿಯ ಗೆರೆಯನ್ನು ಲೆಕ್ಕಿಸುವುದಿಲ್ಲ: ಜತ್ತ ತಾಲ್ಲೂಕಿನ ಗಡಿಹಳ್ಳಿಗಳು ಕರ್ನಾಟಕದತ್ತ ಮುಖ ಮಾಡಿದ್ದಕ್ಕೆ ಮುಖ್ಯ ಕಾರಣ ನೀರಿನ ಬವಣೆ. 2016ರ ಏಪ್ರಿಲ್‌ನಲ್ಲಿ ಮರಾಠವಾಡದ ಲಾತೂರು ಬರದಿಂದ ತತ್ತರಿಸಿದಾಗ ಮಿರಜ ನಿಲ್ದಾಣದಿಂದ ಹೊರಟ ಮೊದಲ ರೈಲು ಸುಮಾರು 5 ಲಕ್ಷ ಲೀಟರ್ ನೀರನ್ನು ಅಲ್ಲಿಗೆ ಹೊತ್ತೊಯ್ದಿತು. ಕಂಡರಿಯದ ಜನರಿಗೆ ತಮ್ಮ ಪಾಲಿನ ನೀರನ್ನು ಕಳಿಸುವುದು ನಾಗರಿಕ ಹೊಣೆಯ ಉನ್ನತ ನಿದರ್ಶನ.

1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಊರಿನ ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಗೆ ಸಂವಿಧಾನದ ಮನ್ನಣೆ ನೀಡಿತು. ಪಂಚಾಯತಿಗಳಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿಟ್ಟಿತು. ಸಾಂಗ್ಲಿ ಜಿಲ್ಲೆಯವರೇ ಆದ ಆರ್. ಆರ್. ಪಾಟೀಲರು ಸಚಿವರಾಗಿದ್ದಾಗ ಮಹಾರಾಷ್ಟ್ರವು ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನವನ್ನೂ, 2007ರಲ್ಲಿ ಊರಿನ ಜಗಳಗಳನ್ನು ಊರಿನಲ್ಲಿಯೇ ರಾಜಿಯಿಂದ ತೀರಿಸುವ ತಂಟಾಮುಕ್ತ ಗ್ರಾಮ ಮೋಹಿಮೆಯನ್ನೂ ಕೈಗೊಂಡಿತು. ಪ್ರತಿಸರ್ಕಾರದ ನ್ಯಾಯದಾನ ಮಂಡಳಗಳ ನೆನಪಿರುವ ನೆಲದಿಂದ ಬಂದ ನಾಯಕರೊಬ್ಬರು ಇಂತಹ ಕಾರ್ಯಕ್ರಮಕ್ಕೆ ಮುಂದಾದದ್ದು ಗಮನಾರ್ಹ.

ಬೇಡಗದ ಪ್ರಶ್ನೆ

ಇಷ್ಟೆಲ್ಲ ಪರಂಪರೆಯ ನಡುವೆಯೂ ಈ ಸೀಮೆಯ ಐಕ್ಯ ಬಿರುಕು ಬಿಟ್ಟದ್ದುಂಟು. 2009ರ ಗಣೇಶೋತ್ಸವದ ಸಮಯದಲ್ಲಿ ಮಿರಜದ ಸ್ವಾಗತ ಕಮಾನೊಂದರ ಮೇಲಿನ ಚಿತ್ರದ ಕುರಿತು ಎದ್ದ ವಿವಾದವು ಗಲಭೆಯಾಗಿ ನೆರೆಯ ಊರುಗಳಿಗೂ ಹಬ್ಬಿತು. 2023ರ ಜೂನ್‌ನಲ್ಲಿ ಬೇಡಗದಲ್ಲಿ ಡಾ. ಅಂಬೇಡ್ಕರರ ಹೆಸರಿನಲ್ಲಿ ಕಟ್ಟಲಾಗುತ್ತಿದ್ದ ಸ್ವಾಗತ ಕಮಾನನ್ನು ಗ್ರಾಮ ಪಂಚಾಯತಿಯು ಅನಧಿಕೃತವೆಂಬ ಕಾರಣ ನೀಡಿ ಕೆಡವಿತು. ಇದರಿಂದ ನೊಂದ ದಲಿತ ಕುಟುಂಬಗಳು ಮನೆಗಳಿಗೆ ಬೀಗ ಹಾಕಿ, ಮಕ್ಕಳು ಮರಿಗಳೊಂದಿಗೆ ಮುಂಬೈಯತ್ತ ಕಾಲ್ನಡಿಗೆಯಲ್ಲಿ ಹೊರಟವು. ವಿಷಯವು ರಾಜ್ಯ ಸರ್ಕಾರದ ಮಟ್ಟಕ್ಕೆ ಏರಿತು.

ಈ ಘಟನೆಯನ್ನು ಪರವಾನಗಿಯ ವ್ಯಾಜ್ಯವೆಂದಷ್ಟೇ ನೋಡಿದರೆ ಅದರ ತಿರುಳು ಕೈತಪ್ಪುತ್ತದೆ. ಕಮಾನು ಊರಿನ ಹೆಬ್ಬಾಗಿಲು. ಅದರ ಮೇಲೆ ಯಾರ ಹೆಸರು ಇರಬೇಕೆಂಬುದು ಊರು ಯಾರದ್ದು ಎಂಬ ಪ್ರಶ್ನೆಯೇ ಆಗುತ್ತದೆ. ಕಾನೂನಿನ ಪ್ರಕಾರ ಗ್ರಾಮಸಭೆಯ ಸದಸ್ಯರೇ ಆದ ಜನರು ನ್ಯಾಯ ಕೇಳಲು ನೂರಾರು ಕಿಲೋಮೀಟರ್ ದೂರದ ರಾಜಧಾನಿಗೆ ನಡೆಯಬೇಕಾಯಿತೆಂದರೆ, ಊರೊಳಗಿನ ಸಭೆಯಲ್ಲಿ ತಮ್ಮ ಮಾತಿಗೆ ಬೆಲೆಯಿದೆಯೆಂಬ ಭರವಸೆ ಅವರಲ್ಲಿ ಉಳಿದಿರಲಿಲ್ಲವೆಂದೇ ಅರ್ಥ. ಬಹುಮತವು ಪ್ರಜಾಪ್ರಭುತ್ವದಲ್ಲಿ ತೀರ್ಮಾನದ ವಿಧಾನವೇ ಹೊರತು, ಅಲ್ಪಸಂಖ್ಯೆಯವರ ಘನತೆಯನ್ನು ಅಳೆಯುವ ತಕ್ಕಡಿಯಲ್ಲ.

ಸಮಾರೋಪ

ಮಿರಜ ಸೀಮೆಯ ಒಂಬತ್ತು ಶತಮಾನಗಳ ಈ ಇತಿಹಾಸದಿಂದ ಮೂರು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಭಾಷೆ ಮತ್ತು ಮತಗಳ ವೈವಿಧ್ಯವು ಐಕ್ಯಕ್ಕೆ ತಾನಾಗಿ ಅಡ್ಡಿಯಾಗುವುದಿಲ್ಲ. ತಾಳಲೆ ತಾಮ್ರಪಟಗಳಿಂದ ವಿಲಿಂಗ್ಡನ್ ಕಾಲೇಜಿನವರೆಗಿನ ಸಾಕ್ಷ್ಯಗಳು ಇದನ್ನು ಸ್ಥಿರಪಡಿಸುತ್ತವೆ. ಎರಡನೆಯದಾಗಿ, ಮತಗಳ ನಡುವಿನ ಸೌಹಾರ್ದವು ಜಾತಿಯ ಅಸಮಾನತೆಯನ್ನು ಮುಚ್ಚಿಡಬಲ್ಲದೇ ಹೊರತು ಪರಿಹರಿಸಲಾರದು. ಅದಕ್ಕೆ ಶಾಹು ಮಹಾರಾಜರ ಆಜ್ಞೆಗಳೂ ಮಹಾಡದ ಹೋರಾಟವೂ ಸಂವಿಧಾನವೂ ಬೇಕಾದವು. ಮೂರನೆಯದಾಗಿ, ಕಾನೂನು ಕೊಟ್ಟ ಹಕ್ಕು ಬದುಕಿನಲ್ಲಿ ನೆಲೆಗೊಳ್ಳುವುದು ಗ್ರಾಮಸಭೆಯಂತಹ ತೀರ ಹತ್ತಿರದ ಸಂಸ್ಥೆಗಳಲ್ಲಿ, ನೆರೆಹೊರೆಯವರ ನಡತೆಯಿಂದ. ಆದ್ದರಿಂದ ಗಡಿನಾಡಿನ ಪ್ರತಿಯೊಂದು ಪಂಚಾಯತಿಯೂ ಊರಿನ ಹೆಸರು, ಸ್ಮಾರಕ, ನೀರು, ರಸ್ತೆ, ಶಾಲೆಗಳ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವ ಮೊದಲು ಊರಿನ ಅತ್ಯಂತ ದುರ್ಬಲರ ಮಾತನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರ ಸಮ್ಮುಖದಲ್ಲಿ ಆಲಿಸುವುದನ್ನು ಕಡ್ಡಾಯದ ಪದ್ಧತಿಯಾಗಿ ರೂಢಿಸಿಕೊಳ್ಳಬೇಕು. ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾಗಿ ಸೇರಿದ ಈ ಪರಂಪರೆಯನ್ನು ಉಳಿಸುವ ಹೊಣೆಯು ಎರಡೂ ಭಾಷೆಯ ಜನರ ಮೇಲಿದೆ.