ಉಸಿರು, ಕಲೆ ಮತ್ತು ಹಳೇಬೀಡಿನ ಸೂರ್ಯೋದಯ

ಮಾದಿಹಳ್ಳಿ, ಬೇಲೂರು, ಹಳೇಬೀಡುಗಳ ಸೀಮೆಯು ಹೊಯ್ಸಳ ಶಾಸನಗಳ ನೆಲೆ. ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ 1133ರ ಸುಮಾರಿನ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳಿಂದ ಕಾಲವನ್ನು ಸೂಚಿಸುತ್ತವೆ. ಆ ವಾರವು ನಡುರಾತ್ರಿಯಲ್ಲಿ ಬದಲಾಗುವುದಿಲ್ಲ. ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯುತ್ತದೆ. ಉದಯಕಾಲದಲ್ಲಿರುವ ತಿಥಿಯೇ ಸಾಮಾನ್ಯವಾಗಿ ಆ ದಿನದ ತಿಥಿ. ತಿಥಿಯ ಅಂತ್ಯವು ಉದಯಕ್ಕೆ ತೀರ ಸಮೀಪವಿದ್ದರೆ, ಕೆಲವು ನಿಮಿಷಗಳ ಲೆಕ್ಕ ತಪ್ಪಿದರೂ ಶಾಸನದ ದಿನವೇ ತಪ್ಪುತ್ತದೆ.

ಈ ನಿಮಿಷಗಳ ಮೂಲ ಭೂಭ್ರಮಣ. 24 ಗಂಟೆಗೆ 360 ಅಂಶ. ಗಂಟೆಗೆ 15 ಅಂಶ. ಒಂದು ಅಂಶಕ್ಕೆ 4 ನಿಮಿಷ. ಹಳೇಬೀಡು ಸುಮಾರು 76 ಅಂಶ ಪೂರ್ವ ರೇಖಾಂಶದಲ್ಲಿದೆ. ಭಾರತೀಯ ಕಾಲಮಾನವು 82½ ಅಂಶದ್ದು. ಆದುದರಿಂದ ಇಲ್ಲಿಯ ಸ್ಥಳೀಯ ಕಾಲವು ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದಿದೆ. ಆದರೆ ಸಿದ್ಧಾಂತಗ್ರಂಥಗಳ ಮಧ್ಯರೇಖೆ ಉಜ್ಜಯಿನಿಯದು; ಹಳೇಬೀಡಿಗೂ ಅದಕ್ಕೂ ಇರುವ ಅಂತರ ಒಂದು ನಿಮಿಷಕ್ಕೂ ಕಡಿಮೆ. ಹೊಯ್ಸಳ ರಾಜಧಾನಿಯ ಗಣಕನಿಗೆ ದೇಶಾಂತರ ಸಂಸ್ಕಾರವು ಹೆಚ್ಚುಕಡಿಮೆ ಶೂನ್ಯ. ಅಕ್ಷಾಂಶದ ಸಂಸ್ಕಾರ ಮಾತ್ರ ಅಗತ್ಯ.

ಆ ಗಣಕನ ಮಾನಗಳಲ್ಲಿಯೂ ಕಾಲ ಮತ್ತು ಕೋನ ಬೆಸೆದುಕೊಂಡಿದ್ದವು. ಅಹೋರಾತ್ರಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ವಿಘಳಿಗೆಗೆ 6 ಪ್ರಾಣ. ಒಟ್ಟು 21,600 ಪ್ರಾಣ. ವೃತ್ತದ ಕಲೆಗಳೂ 21,600. ಒಂದು ಉಸಿರಿನಷ್ಟು ಕಾಲದಲ್ಲಿ ಭೂಮಿ ಒಂದು ಕಲೆ ತಿರುಗುವುದೆಂದು ಆರ್ಯಭಟನು ನಿರೂಪಿಸಿದನು.

ಜೈನ ಲೋಕವಿಜ್ಞಾನದಲ್ಲಿ ಭೂಮಿ ಸ್ಥಿರ. ಜಂಬೂದ್ವೀಪದಲ್ಲಿ ಇಬ್ಬರು ಸೂರ್ಯರು ಮೇರುವನ್ನು ಸುತ್ತುತ್ತಾರೆ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ತ್ರಿಲೋಕಸಾರ’ದ ಪ್ರಕಾರ ಪರಿಧಿಯು 1,09,800 ಗಗನಖಂಡಗಳು, ಒಂದು ಮುಹೂರ್ತದಲ್ಲಿ ಸೂರ್ಯನು 1,830, ನಕ್ಷತ್ರವು 1,835 ಖಂಡ ಸಾಗುತ್ತದೆ. ಸೂರ್ಯನಿಗೆ ಒಂದು ಸುತ್ತಿಗೆ 60 ಮುಹೂರ್ತ, ಅಂದರೆ ಎರಡು ದಿನ; ಸೂರ್ಯರಿಬ್ಬರಾದುದರಿಂದ ದಿನವೂ ಒಂದು ಉದಯ. ದಿನಕ್ಕೆ 30 ಮುಹೂರ್ತವಾದ್ದರಿಂದ ಸೂರ್ಯನು ನಕ್ಷತ್ರಕ್ಕಿಂತ 150 ಖಂಡ ಹಿಂದುಳಿಯುತ್ತಾನೆ. ನಕ್ಷತ್ರಗಳೂ ಎರಡು ಸಾಲಾದುದರಿಂದ ಅರ್ಧಪರಿಧಿಯಾದ 54,900ನ್ನು 150ರಿಂದ ಭಾಗಿಸಿದರೆ 366. ಅದೇ ಆ ಪರಂಪರೆಯ ಸೌರವರ್ಷದ ದಿನಗಳು.

ತಿರುಗುವುದು ಯಾವುದೆಂಬುದರಲ್ಲಿ ಎರಡು ಪಂಥಗಳಿಗೂ ಭೇದವಿತ್ತು. ತಿರುಗಿದ ದೂರವೇ ಕಾಲವೆಂಬುದರಲ್ಲಿ ಭೇದವಿರಲಿಲ್ಲ. ಶಾಸನವನ್ನು ಓದುವವರು ಕೈಗಡಿಯಾರವನ್ನು ಬದಿಗಿಟ್ಟು ಹಳೇಬೀಡಿನ ಸೂರ್ಯನನ್ನು ಅನುಸರಿಸಬೇಕಾದುದು ಇದಕ್ಕಾಗಿಯೇ.